ಮೂಡುಗಿರಿಯಿಂದ ಪಡುವನೇರಿಗೆ

"ಕೇಳಿರಯ್ಯಾ ಕೇಳಿ! ಮೂಡುಗಿರಿ ವಿಮಾನ ನಿಲ್ದಾಣದಿಂದ ಪಡುವಣ ತುದಿಯ ಪಡುವನೇರಿ ನಿಲ್ದಾಣದವರೆಗಿನ ಪಯಣದ ಮೇಲೆ ರಾಜಕುಮಾರಿ ಮೃಗಾವತಿ ಮೂರು ಒಗಟು ಹಾಕುತ್ತಾಳೆ. ಬಿಡಿಸಿದವನಿಗೆ ಮಗಳನ್ನೂ ಅರ್ಧ ರಾಜ್ಯವನ್ನೂ ಕೊಡುತ್ತೇವೆ. ತಪ್ಪಿದವನಿಗೆ ಮರಣದಂಡನೆ!"

ದೊರೆ ಧವಳಾಂಕನ ಡಂಗುರ ಕೇಳಿ ಮೊದಲು ಬಂದವನು ಒಬ್ಬ ವಿಧವೆಯ ಮಗ, ಜಯಕೀರ್ತಿ. ಅವನ ಪೆಟ್ಟಿಗೆ ಹೊತ್ತು ಸಭೆಗೆ ಬಂದವನು ನಿಲ್ದಾಣದ ಹಮಾಲಿ ಚೆನ್ನಿಗ.

ಮೃಗಾವತಿ ಕೇಳಿದಳು: "ಪಡುವನೇರಿಗೆ ಹೋಗಲು ಎಂಟು ತಾಸು, ಬರಲು ಆರೇ ತಾಸು. ವಿಮಾನ ಅದೇ, ದೂರ ಅಷ್ಟೇ. ಎರಡು ತಾಸು ನುಂಗಿದ್ದು ಯಾರು?"

"ಹೋಗುವಾಗ ಹೊರೆ ಹೆಚ್ಚು," ಎಂದ ಜಯಕೀರ್ತಿ.

ಚೆನ್ನಿಗನಿಗೆ ಉತ್ತರ ಗೊತ್ತಿತ್ತು. ವಿಮಾನ ನಡೆಸುವವರ ಮಾತನ್ನು ದಿನವೂ ಕೇಳಿಸಿಕೊಂಡವನು. ಆದರೆ ಬಾಯಿ ತೆರೆದರೆ ತನ್ನ ತಲೆಗೇ ಬಂದೀತೆಂದು ಸುಮ್ಮನಾದ. ಮರುದಿನ ಜಯಕೀರ್ತಿಯ ತಲೆ ಉರುಳಿತು. ಚೆನ್ನಿಗನಿಗೆ ಅನ್ನ ಸೇರಲಿಲ್ಲ.

ಎರಡನೆಯವನು ವ್ಯಾಪಾರಿಯ ಮಗ ಸೋಮಶೆಟ್ಟಿ; ಅವನ ಪೆಟ್ಟಿಗೆ ಹೊತ್ತು ತಂದವನೂ ಚೆನ್ನಿಗನೇ. ಅದೇ ಒಗಟಿಗೆ ಸೋಮಶೆಟ್ಟಿ, "ದೇವರ ಮಾಯೆ," ಎಂದ. ಭಟರು ಅವನ ರಟ್ಟೆ ಹಿಡಿದು ಎಳೆದರು.

"ಬಿಡಿ ಅವರನ್ನ!" ಚೆನ್ನಿಗ ಮುಂದೆ ಬಂದ. "ನಾನು ಹೇಳ್ತೀನಿ. ತಪ್ಪಿದರೆ ನನ್ನ ತಲೆ ತೆಗೀರಿ. ನುಂಗಿದ್ದು ಗಾಳಿ, ಅಮ್ಮಣ್ಣಿ. ಮೇಲೆ ಅದು ಪಡುವಣದಿಂದ ಬೀಸುತ್ತೆ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ."

ಸಭೆ ಗುಸುಗುಟ್ಟಿತು. ಮೃಗಾವತಿ ಎರಡನೆಯದನ್ನು ಕೇಳಿದಳು: "ಇಲ್ಲಿ ನಡುಹಗಲಿಗೆ ಹೊರಟು ಎಂಟು ತಾಸು ಹಾರಿ ಇಳಿದರೆ, ಅಲ್ಲಿ ಇನ್ನೂ ಮಧ್ಯಾಹ್ನ ಎರಡು ಗಂಟೆ. ಆರು ತಾಸು ಎಲ್ಲಿ ಹೋಯಿತು?"

"ಎಲ್ಲೂ ಹೋಗಲಿಲ್ಲ. ಸೂರ್ಯ ನಮಗೆ ಮೊದಲು ಹುಟ್ತಾನೆ, ಅವರಿಗೆ ಆರು ತಾಸು ತಡವಾಗಿ. ಅಲ್ಲಿಂದ ನಡುಹಗಲಿಗೆ ಹೊರಟು ಬಂದು ನೋಡಿ, ಆರೇ ತಾಸಿಗೆ ಇಲ್ಲಿ ನಡುರಾತ್ರಿ."

ಮೃಗಾವತಿ ಮೂರನೆಯದಕ್ಕೆ ಬಂದಳು: "ನಕ್ಷೆಯಲ್ಲಿ ಎರಡು ಊರಿಗೂ ನೇರ ಗೆರೆ ಎಳೆದಿದ್ದೇವೆ. ವಿಮಾನ ಮಾತ್ರ ಬಡಗಣಕ್ಕೆ ಬಳಸಿ ಹೋಗುತ್ತದೆ. ಆದರೂ ಬಳಸು ದಾರಿಯೇ ಹತ್ತಿರ. ಹೇಗೆ?"

ಚೆನ್ನಿಗ ಒಂದು ಕಲ್ಲಂಗಡಿ ತರಿಸಿದ. ತೊಟ್ಟಿನ ಕೆಳಗೆ ಸಮನಾಗಿ ಎರಡು ಚುಕ್ಕೆ ಇಟ್ಟು ನಡುವೆ ದಾರ ಬಿಗಿದ. ದಾರ ತಾನಾಗಿಯೇ ತೊಟ್ಟಿನ ಕಡೆ ಬಾಗಿತು. "ತೊಟ್ಟು ಬಡಗಣ, ಬಿಗಿದ ದಾರವೇ ಹತ್ತಿರದ ದಾರಿ. ನಕ್ಷೆ ಚಪ್ಪಟೆ, ಭೂಮಿ ಗುಂಡಗೆ."

ದೊರೆ ಎದ್ದು ನಿಂತ. "ಸೋಮಶೆಟ್ಟಿಯನ್ನು ಬಿಡಿ. ಅಳಿಯಂದಿರೇ, ಬನ್ನಿ, ಪಕ್ಕದಲ್ಲಿ ಕೂತುಕೊಳ್ಳಿ."

ಚೆನ್ನಿಗ ಕದಲಲಿಲ್ಲ. "ಮಹಾಪ್ರಭು, ಮೊನ್ನೆಯೂ ಇದೆಲ್ಲ ನನಗೆ ಗೊತ್ತಿತ್ತು. ಹೆದರಿ ಬಾಯಿ ಮುಚ್ಚಿಕೊಂಡೆ. ಮೊದಲು ಜಯಕೀರ್ತಿಯ ತಾಯಿಯ ಎದುರು ನಿಂತು ಇದನ್ನ ಹೇಳಬೇಕು."

ಮೃಗಾವತಿಯ ಮುಖ ಕಪ್ಪಿಟ್ಟಿತು. "ಗೊತ್ತಿಲ್ಲದಿದ್ದುದೇ ಅವನ ತಪ್ಪಾಯಿತು. ಒಗಟು ಹಾಕಿದವಳು ನಾನು. ನಾನೂ ಬರುತ್ತೇನೆ," ಎಂದಳು.

ಮದುವೆ ಆಮೇಲೆ ನಡೆಯಿತು, ಅರ್ಧ ರಾಜ್ಯವೂ ಬಂತು. ಆ ರಾಜ್ಯದಲ್ಲಿ ಉತ್ತರ ತಪ್ಪಿದ್ದಕ್ಕೆ ಇನ್ನೊಂದು ತಲೆ ಹೋಗಲಿಲ್ಲ. ಅಂದು ಮಾತ್ರ ಇಬ್ಬರೂ ಬರಿಗಾಲಲ್ಲಿ ಜಯಕೀರ್ತಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು. ಅವನ ಮುದಿ ತಾಯಿ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಬಿಸಿಲಲ್ಲಿ ನಿಲ್ಲಬೇಡಿ," ಎಂದಳು. "ಒಳಗೆ ಬನ್ನಿ."

ಹೊಸಿಲು ದಾಟಲು ಇಬ್ಬರಿಗೂ ಕಾಲೇಳಲಿಲ್ಲ.