ಗಡಿಯಾರದ ಸೆಲ್ಲು ರಿಮೋಟಿನ ಹೊಟ್ಟೆಗೆ

ದಾವಣಗೆರೆಯ ನಿವೃತ್ತ ಪ್ರಿನ್ಸಿಪಾಲ್ ಶಿವಶಂಕರಪ್ಪನವರ ಮನೆಯಲ್ಲಿ ಪಡಸಾಲೆಯ ಗೋಡೆ ಗಡಿಯಾರ ಹೇಳಿದ್ದೇ ಮಾತು. ಅಡುಗೆಯ ಹಾಲಮ್ಮ ಬೆಳಿಗ್ಗೆ ಎಂಟಕ್ಕೆ ಒಂದು ನಿಮಿಷ ತಡವಾಗಿ ಬಂದರೂ, “ಬಸ್ಸಿನ ಕತೆ ಬೇಡ, ಗಡಿಯಾರ ನೋಡು!” ಎಂದು ಯಜಮಾನರು ಗುಡುಗುತ್ತಿದ್ದರು.

ಒಂದು ಸಂಜೆ ಕ್ರಿಕೆಟ್ ಮ್ಯಾಚ್ ಶುರುವಾಗುವ ಹೊತ್ತಿಗೆ ಸರಿಯಾಗಿ ಸೆಟ್‌ಟಾಪ್ ಬಾಕ್ಸು ಹಠ ಹಿಡಿಯಿತು. ರಿಮೋಟನ್ನು ಎಷ್ಟು ಒತ್ತಿದರೂ ಚಾನೆಲ್ ಬದಲಾಗಲಿಲ್ಲ.

“ಒರೆಸಿ ಒರೆಸಿ ನೀನೇ ಕೆಡಿಸಿದ್ದು! ಈಗಲೇ ಸರಿ ಮಾಡು, ಇಲ್ಲದಿದ್ರೆ ನಾಳೆಯಿಂದ ಬರಬೇಡ!” ಎಂದು ಹಾಲಮ್ಮನ ಮೇಲೆ ಕೂಗಾಡಿದ ಯಜಮಾನರು ಟಿವಿಯ ಹಿಂದೆ ತಲೆ ತೂರಿಸಿ ವೈರು ಅಲುಗಿಸತೊಡಗಿದರು.

ಹಾಲಮ್ಮ ಸದ್ದಿಲ್ಲದೆ ಸ್ಟೂಲು ಹತ್ತಿ, ಗಡಿಯಾರದ ಸೆಲ್ಲು ತೆಗೆದು ರಿಮೋಟಿಗೆ ಹಾಕಿ ಒತ್ತಿದಳು. ಮ್ಯಾಚ್ ಬಂತು. “ನೋಡಿದ್ಯಾ, ವೈರು ಸಡಿಲಾಗಿತ್ತು!” ಎಂದು ಯಜಮಾನರು ಬೀಗಿದರು.

ಮರುದಿನ ಹಾಲಮ್ಮ ಆರಾಮಾಗಿ ಒಂಬತ್ತು ದಾಟಿಸಿಕೊಂಡು ಬಂದಳು.

“ಇದು ಬರೋ ಹೊತ್ತಾ? ಗಡಿಯಾರ ನೋಡು!”

“ನೋಡಿದೆ ಸಾರ್. ಏಳೂವರೆ. ಅರ್ಧ ಗಂಟೆ ಮುಂಚೇನೇ ಬಂದೀನಿ.”

ಯಜಮಾನರು ತಲೆಯೆತ್ತಿದರು. ಮುಳ್ಳು ನಿನ್ನೆ ಸಂಜೆಯಲ್ಲೇ ನಿಂತಿತ್ತು.

“ಅದರ ಸೆಲ್ಲು ನಿಮ್ಮ ರಿಮೋಟಿನಾಗೈತೆ ಸಾರ್. ವಾಪಸ್ ಹಾಕ್ಲಾ?”

“ಬೇಡ, ಬೇಡ! ಇವತ್ತೂ ಮ್ಯಾಚಿದೆ!” ಎಂದು ರಿಮೋಟನ್ನು ಎದೆಗವಚಿಕೊಂಡ ಯಜಮಾನರು, ಬೇರೆ ಸೆಲ್ಲು ತರಲು ತಾವೇ ಚಪ್ಪಲಿ ಮೆಟ್ಟಿ ಹೊರಟರು.

ಹಾಲಮ್ಮ ಬಾಗಿಲಿಗೆ ಬಂದು ಕೂಗಿದಳು: “ನಿಧಾನಕ್ಕೆ ಬರ್ರಿ ಸಾರ್, ಇನ್ನೂ ಏಳೂವರೆ!”