ಇಬ್ಬರಿಗೂ ಹೌದು ಎಂದ ಕುದುರೆ

ಮಕ್ಕಳೇ, ಕುರುಚಲು ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಜಾಗದಲ್ಲಿ ಒಂದು ಹಳ್ಳ ಇತ್ತು. ಅದರ ಈಚೆ ದಡದಲ್ಲಿ ದನಗಳ ಹಿಂಡೊಂದು ವಾಸವಾಗಿತ್ತು. ಹಿಂಡಿಗೆ ಹಿರಿಯಳು ಕಾಳಮ್ಮ ಎಂಬ ಹಸು.

ಬೇಸಿಗೆಯಲ್ಲಿ ಈಚೆಯ ಹುಲ್ಲು ಮುಗಿದುಹೋಗುತ್ತಿತ್ತು. ಆಗ ಹಿಂಡೆಲ್ಲ ಆಚೆ ದಡಕ್ಕೆ ಹೋಗಬೇಕು. ದಾರಿ ಸುಲಭದ್ದಲ್ಲ. ಮೊದಲು ಒತ್ತಾಗಿ ಬೆಳೆದ ಜಾಲಿಮರಗಳ ನಡುವೆ ಅತ್ತ ಇತ್ತ ತಿರುಗಿ ನಡೆಯಬೇಕು. ಆಮೇಲೆ ಹಂದಿಗಳು ನುಗ್ಗದಂತೆ ಕೋತಿಗಳು ಹೆಣೆದುಕೊಟ್ಟ ಮುಳ್ಳಿನ ಬಾಗಿಲು. ಕೊನೆಗೆ ಸೇತುವೆ. ಸೇತುವೆ ಎಂದರೆ ಹಳ್ಳಕ್ಕೆ ಅಡ್ಡಲಾಗಿ ಬಿದ್ದಿದ್ದ ಎರಡು ದೊಡ್ಡ ಮರಗಳು, ಅಷ್ಟೆ. ಅದರ ಕೆಳಗೆ ನೀರು ಕಡಿಮೆ, ಕೆಸರು ಜಾಸ್ತಿ. ಆ ಕೆಸರಿಗೆ ಬಿದ್ದವರು ತಾವಾಗಿ ಎದ್ದು ಬಂದದ್ದನ್ನು ಯಾರೂ ನೋಡಿರಲಿಲ್ಲ.

ಕರುಗಳನ್ನು ಈ ದಾರಿಯಲ್ಲಿ ದಾಟಿಸುವುದು ಕುದುರೆಯ ಕೆಲಸ. ಬಾಗಿಲಿನ ಕುಣಿಕೆ ಬಿಚ್ಚಲು ಕೈ ಬೇಕಲ್ಲ, ಅದಕ್ಕೆ ಚೌಡಿ ಎಂಬ ಕೋತಿ ಕುದುರೆಯ ಬೆನ್ನ ಮೇಲೆ ಕೂರುತ್ತಿತ್ತು. ಆ ವರ್ಷ ಈ ಕೆಲಸಕ್ಕೆ ಹೊಸಬಳು ಬಂದಳು. ಹಣೆಯ ಮೇಲೆ ತುಂಬೆ ಹೂವಿನಷ್ಟು ಬಿಳಿ ಮಚ್ಚೆ ಇದ್ದ ಎಳೆಯ ಕುದುರೆ. ಹೆಸರೂ ತುಂಬೆ.

ಅವಳಿಗೆ ಕಲಿಸಲು ಇಬ್ಬರು ಮುಂದೆ ಬಂದರು. ಒಬ್ಬ ಜಮಾದಾರಪ್ಪ, ಅರಮನೆಯ ಮೆರವಣಿಗೆಗಳಲ್ಲಿ ನಡೆದು ಮುದಿಯಾದ ಕುದುರೆ. ಇನ್ನೊಬ್ಬಳು ಸಿದ್ದಕ್ಕ, ಗುಡ್ಡದ ಕಾಲುದಾರಿಗಳಲ್ಲಿ ಹೇರು ಹೊತ್ತು ಹಣ್ಣಾದ ಹೇಸರಗತ್ತೆ. ಕಲಿಸುವ ರೀತಿಯ ವಿಷಯಕ್ಕೆ ಜಗಳವಾಡಿ ಇಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಹಾಗಾಗಿ ಬೆಳಿಗ್ಗೆ ಒಬ್ಬರ ಪಾಠ, ಸಂಜೆ ಇನ್ನೊಬ್ಬರ ಪಾಠ.

ಬೆಳಿಗ್ಗೆ ಜಮಾದಾರಪ್ಪ ಹೇಳುತ್ತಿದ್ದ: "ಕತ್ತು ಮೇಲೆ, ಗಲ್ಲ ಒಳಗೆ. ಭಾರವೆಲ್ಲ ಹಿಂಗಾಲಿನ ಮೇಲೆ. ನಾನು ಹೂಂ ಅಂದರೆ ಒಂದು ಹೆಜ್ಜೆ. ಅನ್ನದಿದ್ದರೆ ಬಾಲವನ್ನೂ ಅಲ್ಲಾಡಿಸಬಾರದು."

ಸಂಜೆ ಸಿದ್ದಕ್ಕ ಹೇಳುತ್ತಿದ್ದಳು: "ಕತ್ತು ಸಡಿಲ ಬಿಡು, ಮಗಳೇ. ಮೂಗು ಕೆಳಗಿಟ್ಟು ನೆಲ ನೋಡು. ಗಟ್ಟಿ ಅನ್ನಿಸಿದರೆ ಕಾಲಿಡು, ಇಲ್ಲದಿದ್ದರೆ ನಿಲ್ಲು. ಯಾರ ಅಪ್ಪಣೆಗೂ ಕಾಯಬೇಡ."

ತುಂಬೆ ಚುರುಕು. ಎರಡನ್ನೂ ಕಲಿತಳು. ಆದರೆ ಅವಳಲ್ಲಿ ಒಂದು ದೋಷ ಇತ್ತು. ಎದುರಿಗೆ ಇರುವವರು ತನ್ನನ್ನು ಮೆಚ್ಚಿಕೊಂಡರೆ ಸಾಕು, ಅವಳು ಯಾವ ಮಾತಿಗೂ ತಲೆಯಾಡಿಸಿಬಿಡುತ್ತಿದ್ದಳು.

"ಅಜ್ಜ, ನಿಮ್ಮ ಪಾಠವೇ ಪಾಠ," ಎಂದು ಬೆಳಿಗ್ಗೆ ಹೇಳುವಳು. "ಸಿದ್ದಕ್ಕನದು ಬರೀ ತೂಕಡಿಕೆ. ಅದನ್ನು ಕಲಿತರೆ ಹೇರು ಹೊರಬಹುದು, ಅಷ್ಟೆ."

ಜಮಾದಾರಪ್ಪ ಸಂತೋಷದಿಂದ ಎರಡು ಸಲ ಕೆನೆಯುವನು.

"ಅಕ್ಕ, ನಿಮ್ಮ ಹಾಗೆ ಯಾರು ಹೇಳಿಕೊಡುತ್ತಾರೆ?" ಎಂದು ಸಂಜೆ ಹೇಳುವಳು. "ಅಜ್ಜನದು ಕುಣಿತ. ಮದುವೆ ದಿಬ್ಬಣಕ್ಕಾದರೆ ಸರಿ."

ಸಿದ್ದಕ್ಕ ತನ್ನ ಪಾಲಿನ ಗರಿಕೆಯಲ್ಲಿ ಅರ್ಧ ತೆಗೆದು ಅವಳ ಮುಂದೆ ಇಡುವಳು.

ಬೆನ್ನ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದ ಚೌಡಿ ಒಂದು ದಿನ ಕೇಳಿತು: "ಅಲ್ಲ ಕಣೇ, ಇಬ್ಬರೂ ಒಟ್ಟಿಗೆ ಎದುರು ನಿಂತರೆ ಏನು ಮಾಡುತ್ತೀಯ?"

"ಮಾತೇ ಆಡದವರು ಒಟ್ಟಿಗೆ ಯಾಕೆ ನಿಲ್ಲುತ್ತಾರೆ?" ಎಂದಳು ತುಂಬೆ, ಗರಿಕೆ ಅಗಿಯುತ್ತ.

ದಾಟುವ ದಿನ ಬಂತು. ಬೆಳಿಗ್ಗೆ ದೊಡ್ಡ ದನಗಳೆಲ್ಲ ಕಾಳಮ್ಮನ ಜೊತೆ ಆಚೆ ದಡ ಸೇರಿದವು. ಉಳಿದದ್ದು ಹನ್ನೊಂದು ಕರುಗಳು. ತುಂಬೆ ಅವುಗಳ ಮುಂದೆ ನಿಂತಳು, ಚೌಡಿ ಹತ್ತಿ ಕೂತಿತು. ಜಾಲಿಮರಗಳ ನಡುವೆ ಅವಳು ಎಷ್ಟು ಚೆನ್ನಾಗಿ ತಿರುಗಿ ನಡೆದಳೆಂದರೆ ಒಂದು ಕರುವಿಗೂ ಮುಳ್ಳು ತಾಗಲಿಲ್ಲ. ಬಾಗಿಲ ಹತ್ತಿರ ಅಲುಗಾಡದೆ ನಿಂತಳು. ಚೌಡಿ ಬಗ್ಗಿ ಕುಣಿಕೆ ಬಿಚ್ಚಿತು.

ಬಾಗಿಲು ದಾಟಿದರೆ ಸೇತುವೆ. ಸೇತುವೆಯ ಈಚೆ ತುದಿಯಲ್ಲಿ ಜಮಾದಾರಪ್ಪ ನಿಂತಿದ್ದ. ಆಚೆ ತುದಿಯಲ್ಲಿ ಸಿದ್ದಕ್ಕ ನಿಂತಿದ್ದಳು. ತಮ್ಮ ಶಿಷ್ಯೆಯನ್ನು ನೋಡಲು ಇಬ್ಬರೂ ಬಂದಿದ್ದರು.

ತುಂಬೆ ಸೇತುವೆ ಹತ್ತಿದಳು. ಆಮೇಲೆ ಅವಳಿಗೆ ಸೇತುವೆ ಕಾಣಲೇ ಇಲ್ಲ. ಕಂಡದ್ದು ಬರೀ ಆ ಎರಡು ಮುಖ. ಕತ್ತು ಇಳಿಸಿದಳು. "ಕತ್ತು ಮೇಲೆ," ಎಂದು ಹಿಂದಿನಿಂದ ಜಮಾದಾರಪ್ಪ ಗದರಿದ. ಕತ್ತು ಎತ್ತಿದಳು. ಎದುರಿಗೆ ಸಿದ್ದಕ್ಕನ ಕಿವಿಗಳು ಜೋತುಬಿದ್ದವು. ಮತ್ತೆ ಇಳಿಸಿದಳು. ಮತ್ತೆ ಎತ್ತಿದಳು.

"ನಿಧಾನ ಕಣೇ, ನನಗೆ ತಲೆ ಸುತ್ತುತ್ತಿದೆ," ಎಂದಿತು ಚೌಡಿ.

"ಹೂಂ, ಹೆಜ್ಜೆ ಇಡು," ಎಂದ ಜಮಾದಾರಪ್ಪ.

"ನೋಡದೆ ಇಡಬೇಡ," ಎಂದಳು ಸಿದ್ದಕ್ಕ.

ತುಂಬೆ ಸೇತುವೆಯ ನಡುವೆ ಒಂದು ಕಾಲು ಎತ್ತಿಕೊಂಡು ನಿಂತುಬಿಟ್ಟಳು. ಅವಳು ನಿಂತದ್ದು ಹಿಂದಿನ ಕರುಗಳಿಗೆ ಗೊತ್ತಾಗಲಿಲ್ಲ. ಒಂದರ ಮೇಲೊಂದು ತಳ್ಳಾಡಿದವು. ಅವಳ ಹಿಂದೆಯೇ ಇದ್ದ ಗೆಜ್ಜೆ ಎಂಬ ಎಲ್ಲರಿಗಿಂತ ಚಿಕ್ಕ ಕರು ಕಾಲು ಜಾರಿ ಕೆಳಗೆ ಬಿತ್ತು.

"ತುಂಬಕ್ಕ," ಎಂದು ಕೆಸರಿನಿಂದ ಸಣ್ಣ ದನಿ ಬಂತು. "ಹೊಟ್ಟೆಗೆಲ್ಲ ತಣ್ಣಗಾಗುತ್ತಿದೆ."

"ನೀನು ಕತ್ತು ಬಗ್ಗಿಸು ಅಂದದ್ದಕ್ಕೇ ಹೀಗಾಯಿತು," ಎಂದು ಜಮಾದಾರಪ್ಪ ಈ ದಡದಿಂದ ಸಿಡುಕಿದ.

"ನಿಮ್ಮ ಹೂಂಕಾರಕ್ಕೆ ಕಾಯುತ್ತಾ ನಿಂತಳಲ್ಲ, ಅದಕ್ಕೆ," ಎಂದಳು ಆ ದಡದಿಂದ ಸಿದ್ದಕ್ಕ.

ತುಂಬೆ ಕೆಳಗೆ ನೋಡಿದಳು. ಗೆಜ್ಜೆಯ ಹೊಟ್ಟೆ ಆಗಲೇ ಕೆಸರಿನೊಳಗೆ ಹೋಗಿತ್ತು. ದನಿ ಎತ್ತದೆ ಹೇಳಿದಳು: "ಅಜ್ಜ, ಅಕ್ಕ, ಇಬ್ಬರೂ ಸ್ವಲ್ಪ ಸುಮ್ಮನಿರಿ. ಉಳಿದವರು ಅಲ್ಲೇ ಮಲಗಿಕೊಳ್ಳಿ. ಚೌಡಿ, ಗಟ್ಟಿ ಬಳ್ಳಿ ಹುಡುಕು."

ಕರುಗಳು ಸೇತುವೆಯ ಮೇಲೇ ಮಲಗಿಕೊಂಡವು. ತುಂಬೆ ಆಚೆ ದಡಕ್ಕೆ ದಾಟಿ ಕೆಸರಿನ ಕಡೆ ಇಳಿಯತೊಡಗಿದಳು. ಕತ್ತು ಪೂರ್ತಿ ಸಡಿಲ, ಮೂಗು ನೆಲಕ್ಕೆ. ಮಣ್ಣು ಮೆತ್ತಗಿದ್ದಲ್ಲಿ ಕಾಲು ಹಿಂದೆಗೆದಳು, ಗಟ್ಟಿ ಇದ್ದಲ್ಲಿ ಊರಿದಳು. ಕೆಸರಿನ ಅಂಚಿನವರೆಗೂ ಒಂದು ಸಲವೂ ಜಾರಲಿಲ್ಲ. ಚೌಡಿ ಬಳ್ಳಿ ತಂದು, ಗೆಜ್ಜೆಯ ಬೆನ್ನ ಮೇಲೆ ಹಾರಿ, ಒಂದು ತುದಿಯನ್ನು ಅದರ ಮುಂಗಾಲುಗಳ ಹಿಂದೆ ಸುತ್ತಿ ಕಟ್ಟಿತು, ಇನ್ನೊಂದು ತುದಿಯನ್ನು ತುಂಬೆಯ ಎದೆಗೆ ಸುತ್ತಿತು.

ಈಗ ದಡ ಹತ್ತಬೇಕು. ಒಮ್ಮೆಗೇ ಎಳೆದರೆ ಬಳ್ಳಿ ಹರಿಯುತ್ತದೆ. ತುಂಬೆ ಕತ್ತು ಎತ್ತಿ ಗಲ್ಲ ಒಳಗೆ ತಂದಳು, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿದಳು. ಈ ಸಲ ತನಗೆ ತಾನೇ "ಹೂಂ" ಎಂದುಕೊಂಡಳು. ಒಂದು ಹೆಜ್ಜೆ, ನಿಂತಳು. ಮತ್ತೆ ಹೂಂ, ಮತ್ತೊಂದು ಹೆಜ್ಜೆ. ಒಂಬತ್ತನೆಯ ಹೆಜ್ಜೆಗೆ ಕೆಸರು ಪಚಕ್ಕನೆ ಸದ್ದು ಮಾಡಿ ಗೆಜ್ಜೆಯನ್ನು ಬಿಟ್ಟುಕೊಟ್ಟಿತು. ಕಾಳಮ್ಮ ಓಡಿಬಂದು ಅದರ ಮೈ ನೆಕ್ಕತೊಡಗಿದಳು.

ಜಮಾದಾರಪ್ಪ ಮಲಗಿದ್ದ ಕರುಗಳನ್ನು ಹುಷಾರಾಗಿ ದಾಟಿಕೊಂಡು ಆಚೆ ದಡಕ್ಕೆ ಬಂದ. "ಇಳಿದದ್ದು ಸಿದ್ದಕ್ಕನ ರೀತಿ. ಎಳೆದದ್ದು ನನ್ನ ರೀತಿ," ಎಂದ. ಅವನಿಗೆ ಅದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವಾದದ್ದು ಕಾಣುತ್ತಿತ್ತು.

ತುಂಬೆ ತಲೆ ತಗ್ಗಿಸಿದಳು. "ತಪ್ಪು ನಿಮ್ಮಿಬ್ಬರದೂ ಅಲ್ಲ. ಅಜ್ಜ, ನಿಮ್ಮ ಮುಂದೆ ಅಕ್ಕನ ಪಾಠ ಕೆಟ್ಟದ್ದು ಅಂದೆ. ಅಕ್ಕ, ನಿಮ್ಮ ಮುಂದೆ ಅಜ್ಜನ ಪಾಠ ಕೆಟ್ಟದ್ದು ಅಂದೆ. ಎರಡೂ ಸುಳ್ಳು. ನೀವು ಮೆಚ್ಚಿಕೊಳ್ಳಲಿ ಅಂತ ಹೇಳಿದೆ. ಇವತ್ತು ನಿಮ್ಮ ಮುಖ ನೋಡುತ್ತಾ ಗೆಜ್ಜೆಯನ್ನು ಬೀಳಿಸಿದೆ."

ಸಿದ್ದಕ್ಕ ಜಮಾದಾರಪ್ಪನ ಕಡೆ ತಿರುಗಿದಳು. "ನನ್ನ ಬಗ್ಗೆ ಏನು ಹೇಳಿದ್ದಳು?"

ಜಮಾದಾರಪ್ಪ ಗಂಟಲು ಸರಿಮಾಡಿಕೊಂಡ. "ವಯಸ್ಸಾಯಿತು ನೋಡು, ಮರೆತುಹೋಗಿದೆ. ನನ್ನ ಬಗ್ಗೆ?"

"ನನಗೂ ಮರೆತುಹೋಗಿದೆ," ಎಂದಳು ಸಿದ್ದಕ್ಕ.

ಚೌಡಿಗೆ ಎರಡೂ ಚೆನ್ನಾಗಿ ನೆನಪಿತ್ತು. ಆದರೆ ಅದು ಬಾಯಿ ತುಂಬ ಎಲೆ ತುರುಕಿಕೊಂಡು ಸುಮ್ಮನಾಯಿತು.

ಸೇತುವೆಯ ಮೇಲೆ ಇನ್ನೂ ಹತ್ತು ಕರುಗಳು ಕಾಯುತ್ತಿದ್ದವು. ತುಂಬೆ ಅವುಗಳ ಹತ್ತಿರ ಹೋದಳು. ಹೆದರಿದ ಕರುವಿನ ಪಕ್ಕದಲ್ಲಿ ಕತ್ತು ಇಳಿಸಿ ಸಾವಕಾಶ ನಡೆದಳು. ಓಡಲು ನೋಡಿದ ಕರುವಿನ ಮುಂದೆ ಕತ್ತು ಎತ್ತಿ ಬಿಗಿಯಾಗಿ ನಿಂತಳು. ಹತ್ತನೆಯ ಕರು ಆಚೆ ದಡದ ಹುಲ್ಲಿಗೆ ಬಾಯಿ ಹಾಕುವವರೆಗೂ ಅವಳು ನೋಡಿದ್ದು ಕರುಗಳ ಕಾಲುಗಳನ್ನು ಮಾತ್ರ.

ನೀತಿ: ಕಲಿಸಿದವರನ್ನು ಮೆಚ್ಚಿಸುವುದರಲ್ಲೇ ಮನಸ್ಸಿಟ್ಟರೆ ಕಲಿತದ್ದು ಕೈಗೆ ಬರುವುದಿಲ್ಲ, ಎದುರಿಗಿರುವ ಕೆಲಸದಲ್ಲಿ ಮನಸ್ಸಿಟ್ಟರೆ ಎಲ್ಲರಿಂದ ಕಲಿತದ್ದೂ ನೆರವಿಗೆ ಬರುತ್ತದೆ.