ಏಡಿಯಣ್ಣ ಇಟ್ಟ ಮೂರು ಸಾಲು ಚಿಪ್ಪು

ಮಕ್ಕಳೇ, ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಈ ಕತೆಯನ್ನು ಇದಕ್ಕಿಂತ ಚೆನ್ನಾಗಿ ಹೇಳುವವರು ಇದ್ದಾರೆ. ಇದರಲ್ಲಿ ಕತೆಯೂ ಇದೆ, ಗುಣಾಕಾರವೂ ಇದೆ. ಒಂದರ ಕಾಲಿಗೆ ಇನ್ನೊಂದು ತೊಡರಿಕೊಂಡರೆ ಬೇಸರ ಮಾಡಬೇಡಿ.

ಕಡಲಿಗೆ ಉಪ್ಪು ಬೆರೆತು ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ. ಮರಳೂ ಹೊಸದು, ಅದರ ಮೇಲಿನ ಹೆಜ್ಜೆಗಳೂ ಹೊಸವು. ಆಗ ಏಡಿಯಣ್ಣ ಎಲ್ಲರಂತೆ ಮುಂದಕ್ಕೆ ನಡೆಯುತ್ತಿದ್ದ. ಎಲ್ಲರಂತೆ ಅಂದರೆ ಆಮೆಯಂತೆ, ನಾಯಿಯಂತೆ, ನಿಮ್ಮಂತೆ. ಎದುರಿಗೆ ಏನು ಕಂಡಿತೋ ಅಷ್ಟನ್ನೇ ನೋಡುತ್ತಿದ್ದ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಂದು ಸಂಜೆ ಕಡಲಮ್ಮ ಅವನನ್ನು ಕರೆದಳು.

"ನಾಳೆ ಬೆಳಿಗ್ಗೆ ಶಂಖದೇಡಿಯ ಮಕ್ಕಳು ದಡಕ್ಕೆ ಬರುತ್ತವೆ. ಅವಕ್ಕೆ ಹೊಟ್ಟೆ ಮೆತ್ತಗೆ, ಮೈಗೆ ಮನೆ ಇಲ್ಲ. ಅವಕ್ಕಾಗಿ ಖಾಲಿ ಚಿಪ್ಪು ತಂದಿದ್ದೇನೆ. ಮಗುವಿಗೊಂದು ಚಿಪ್ಪು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಾಲಾಗಿ ಇಟ್ಟು ಕಾಯ್ತೀಯಾ?"

"ಕಾಯದೆ ಏನಮ್ಮ," ಎಂದ ಏಡಿಯಣ್ಣ. ಅವನಿಗೆ ಹೆಮ್ಮೆಯಿಂದ ಎರಡೂ ಕೊಂಡಿ ಮೇಲೆದ್ದವು.

ಅವನು ನೀರಿನ ಕಡೆ ನಿಂತು ಚಿಪ್ಪು ಜೋಡಿಸಿದ. ಅಲೆಯ ಗೆರೆಯ ಉದ್ದಕ್ಕೆ ಒಂದು ಸಾಲು, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಸಾಲು ಅಂದರೆ ಒಂದರ ಪಕ್ಕ ಒಂದು. ಮೂರು ಸಾಲು, ಸಾಲಿಗೆ ಐದು.

"ಮೂರು ಸಾಲು, ಸಾಲಿಗೆ ಐದು," ಎಂದು ಹೇಳಿಕೊಳ್ಳುತ್ತ ಅವನು ಪಕ್ಕದ ಬಂಡೆಗೆ ಹೋಗಿ ಪಾಚಿ ತಿಂದ. ಹೊಟ್ಟೆ ತುಂಬಿದ ಮೇಲೆ ಬಂಡೆಯ ಕಡೆಯಿಂದಲೇ ನೆಟ್ಟಗೆ ವಾಪಸ್ಸು ಬಂದ. ನೋಡಿ, ಹೋಗುವ ಮೊದಲು ಅವನು ನಿಂತದ್ದು ನೀರಿನ ಕಡೆ. ಈಗ ಬಂದದ್ದು ಬಂಡೆಯ ಕಡೆಯಿಂದ, ಅಂದರೆ ಪಕ್ಕದಿಂದ.

ಎದುರಿಗಿದ್ದ ಸಾಲನ್ನು ಎಣಿಸಿದ. ಒಂದು, ಎರಡು, ಮೂರು. ಆಮೇಲೆ ಬರೀ ಮರಳು.

ಅದರ ಹಿಂದಿನ ಸಾಲಿನಲ್ಲೂ ಮೂರು. ಅದರ ಹಿಂದೆಯೂ ಮೂರು. ಸಾಲು ಎಷ್ಟಿವೆ ಎಂದು ಮಾತ್ರ ಅವನು ಎಣಿಸಲೇ ಇಲ್ಲ. ಸಾಲಿಗೆ ಐದಿದ್ದದ್ದು ಮೂರಾಗಿದೆ, ಅಷ್ಟೇ ಅವನ ತಲೆಯಲ್ಲಿ. ಚಿಪ್ಪುಗಳ ನಡುವೆ ಪುಟ್ಟ ಪುಟ್ಟ ಹೆಜ್ಜೆ ಗುರುತು ಬೇರೆ. ಉಲ್ಲಂಕಿಯದು. ಉಲ್ಲಂಕಿ ಅಂದರೆ ದಡದಲ್ಲಿ ಪುಟುಪುಟು ಓಡಾಡಿ ಮರಳಲ್ಲಿ ಹುಳ ಹೆಕ್ಕುವ ಉದ್ದ ಕೊಕ್ಕಿನ ಹಕ್ಕಿ.

"ಕಳ್ಳಿ," ಎಂದು ಏಡಿಯಣ್ಣ ಕೂಗಿದ. ಆ ಕೂಗು ಬಂಡೆಯಾಚೆಗೂ ಕೇಳಿಸಿತು. ಎಲ್ಲರೂ ಬಂದರು.

"ನನ್ನ ಕೊಕ್ಕು ನೋಡೋ, ಏಡಿಯಣ್ಣ," ಎಂದಳು ಉಲ್ಲಂಕಿ. "ಹುಳ ಹಿಡಿಯೋ ಕೊಕ್ಕು ಇದು. ಇದರಲ್ಲಿ ಚಿಪ್ಪು ಹೊರೋಕಾಗುತ್ತಾ?"

"ಹೆಜ್ಜೆ ನಿನ್ನದಲ್ಲವಾ?"

"ಹೆಜ್ಜೆ ನನ್ನದೇ."

"ಮತ್ತೆ?" ಎಂದಿತು ಮುದಿ ಆಮೆ. ಯಾರೋ ನಕ್ಕರು.

ಆ ದಡದಲ್ಲಿ ಒಂದು ಕಟ್ಟಳೆ ಇತ್ತು. ಕದ್ದವರು ಒದ್ದೆ ಮರಳಿಗೆ ಕಾಲಿಡುವಂತಿಲ್ಲ. ಹುಳ ಸಿಗುವುದು ಒದ್ದೆ ಮರಳಲ್ಲೇ. ಅಂದರೆ ಉಲ್ಲಂಕಿಗೆ ಊಟವಿಲ್ಲ ಎಂದರ್ಥ. ಅವಳು ತಲೆ ತಗ್ಗಿಸಿ ಒಣ ಮರಳಿಗೆ ಹೋಗಿ ಒಂಟಿ ಕಾಲಲ್ಲಿ ನಿಂತಳು.

ಬೆಳಗಾಯಿತು. ಶಂಖದೇಡಿಯ ಮಕ್ಕಳು ಬಂದವು. ಮೊದಲು ದೊಡ್ಡವು ಸಾಲಿಗೆ ಎರಡೆರಡು ಚಿಪ್ಪು ತೆಗೆದುಕೊಂಡವು. ಆಮೇಲೆ ಚಿಕ್ಕವು ಸಾಲಿಗೆ ಮೂರು ಮೂರು ತೆಗೆದುಕೊಂಡವು. ಎರಡು ಸಲ ತೆಗೆದರೂ ಒಟ್ಟು ಅಷ್ಟೇ, ಸಾಲಿಗೆ ಐದು. ಮಗುವಿಗೊಂದು ಮನೆ ಸಿಕ್ಕಿತು. ಒಂದೊಂದೇ ಕೊಟ್ಟಾಗ ಹೀಗೆಯೇ ಆಗುತ್ತದೆ, ಮಕ್ಕಳೆಷ್ಟೋ ಚಿಪ್ಪೂ ಅಷ್ಟೇ. ಒಂದು ಮಗುವೂ ಹೊರಗೆ ಉಳಿಯಲಿಲ್ಲ.

ಏಡಿಯಣ್ಣ ಖಾಲಿಯಾದ ಮರಳನ್ನು ನೋಡಿದ. "ಕಳುವಾಗಿದ್ದರೆ ಸಾಲಬಾರದಿತ್ತಲ್ಲ?"

"ಚಿಪ್ಪು ಅಲ್ಲಾಡಿರಲಿಲ್ಲ ಕಣಪ್ಪ," ಎಂದಿತು ಗಾಳಿ. "ಅಲ್ಲಾಡಿದ್ದು ನೀನು. ನೀರಿನ ಕಡೆಯಿಂದ ನೋಡಿದರೆ ಮೂರು ಸಾಲು, ಸಾಲಿಗೆ ಐದು. ಬಂಡೆ ಕಡೆಯಿಂದ ನೋಡಿದರೆ ಐದು ಸಾಲು, ಸಾಲಿಗೆ ಮೂರು. ಮೂರೈದಲೂ ಹದಿನೈದು, ಐದ್ಮೂರಲೂ ಹದಿನೈದು."

"ನಿನ್ನೆಯೇ ಯಾಕೆ ಹೇಳಲಿಲ್ಲ?"

"ನೀನು ಕೂಗುತ್ತಿದ್ದೆ. ನನ್ನ ಮಾತು ಎಲ್ಲಿ ಕೇಳಿಸುತ್ತೆ?"

ಏಡಿಯಣ್ಣನಿಗೆ ನಾಚಿಕೆಯಾಯಿತು. ಮರಳು ಅಲ್ಲೇ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನಿಸಿತು. ಯಾರೂ ನೋಡದಂತೆ ಉಲ್ಲಂಕಿಯ ಹತ್ತಿರ ಹೋದ.

"ಅಕ್ಕಾ, ತಪ್ಪಾಯ್ತು."

"ಏನಂದೆ?"

"ತಪ್ಪಾಯ್ತು ಅಂದೆ."

"ಕಳ್ಳಿ ಅಂದದ್ದು ಬಂಡೆಯಾಚೆಗೂ ಕೇಳಿಸಿತ್ತು," ಎಂದಳು ಉಲ್ಲಂಕಿ. "ಇದು ನನಗೇ ಸರಿಯಾಗಿ ಕೇಳಿಸ್ತಾ ಇಲ್ಲ."

ಅವನು ಮೆಲ್ಲಗೆ ಒದ್ದೆ ಮರಳಿಗೆ ಇಳಿದ, ಎಲ್ಲರೂ ಇದ್ದಲ್ಲಿಗೆ. ಚಿಪ್ಪು ಈಗ ಇರಲಿಲ್ಲ, ಮಕ್ಕಳು ತೊಟ್ಟುಕೊಂಡು ಹೋಗಿದ್ದವು. ಅದಕ್ಕೆ ಮರಳನ್ನೇ ಉಂಡೆ ಮಾಡಿ ಜೋಡಿಸಿದ. ಮೂರು ಸಾಲು, ಸಾಲಿಗೆ ಐದು. ಒಮ್ಮೆ ಈ ಕಡೆಯಿಂದ ತೋರಿಸಿದ, ಒಮ್ಮೆ ಆ ಕಡೆಯಿಂದ.

"ಕಳುವು ಆಗಿರಲಿಲ್ಲ," ಎಂದು ಬಂಡೆಯಾಚೆಗೂ ಕೇಳುವಂತೆ ಹೇಳಿದ. "ನಾನು ಒಂದೇ ಕಡೆಯಿಂದ ನೋಡಿದೆ. ಉಲ್ಲಂಕಿಯಕ್ಕ ಕಳ್ಳಿಯಲ್ಲ."

ಮುದಿ ಆಮೆ ಕತ್ತು ಒಳಗೆ ಎಳೆದುಕೊಂಡಿತು. ನಕ್ಕವರು ಮರಳು ನೋಡಿದರು.

ಉಲ್ಲಂಕಿ ಬಂದು ಒದ್ದೆ ಮರಳಿಗೆ ಕಾಲಿಟ್ಟಳು. ಅಷ್ಟರಲ್ಲಿ ಅಲೆಯೊಂದು ಸದ್ದು ಮಾಡಿತು, ಅಷ್ಟೇ. ಮತ್ತೆ ಯಾರೋ ಕೂಗಿದರು ಎಂದುಕೊಂಡು ಅವಳು ಒಣ ಮರಳಿಗೆ ಓಡಿದಳು. ಪುನಃ ಬಂದಳು, ಪುನಃ ಓಡಿದಳು. ಅದನ್ನು ನೋಡಲಾರದೆ ಏಡಿಯಣ್ಣ ಮರಳಲ್ಲಿ ತೂತು ಕೊರೆದು ಒಳಗಿಳಿದ.

ಅದಕ್ಕೇ ಇವತ್ತಿಗೂ ಉಲ್ಲಂಕಿ ಅಲೆಯ ಅಂಚಿಗೆ ಓಡಿಬರುತ್ತದೆ, ಓಡಿಹೋಗುತ್ತದೆ. ಅದಕ್ಕೇ ಏಡಿ ಎರಡೂ ಕಡೆ ನೋಡಿಕೊಳ್ಳುತ್ತ ಅಡ್ಡಡ್ಡ ನಡೆಯುತ್ತದೆ, ನೀರಿಳಿದಾಗಲೆಲ್ಲ ಮರಳುಂಡೆ ಜೋಡಿಸುತ್ತದೆ, ನಿಮ್ಮ ಹೆಜ್ಜೆ ಸದ್ದಾದರೆ ನಾಚಿ ತೂತಿಗೆ ಸೇರುತ್ತದೆ.

ಇನ್ನೊಂದು ಹೇಳಬೇಕು, ಸೊನ್ನೆಯದು. ಅಲೆ ಬಂದು ಉಂಡೆಗಳನ್ನೆಲ್ಲ ಒರೆಸಿಕೊಂಡು ಹೋಗುತ್ತದಲ್ಲ, ಆಗ ಸಾಲು ಮೂರಿದ್ದರೂ ಅಷ್ಟೇ, ನೂರಿದ್ದರೂ ಅಷ್ಟೇ. ಸಾಲಿಗೆ ಸೊನ್ನೆ ಆದರೆ ಒಟ್ಟೂ ಸೊನ್ನೆ. ಏನೂ ಉಳಿಯುವುದಿಲ್ಲ. ಆದರೂ ಏಡಿಯಣ್ಣ ಪ್ರತಿ ಸಲ ಮೇಲೆ ಬಂದು ಮತ್ತೆ ಮೊದಲಿನಿಂದ ಜೋಡಿಸುತ್ತಾನೆ. ಎಲ್ಲ ಒರೆಸಿಹೋದರೂ ಅವನ ನಾಚಿಕೆ ಮಾತ್ರ ಯಾಕೆ ಒರೆಸಿಹೋಗಲಿಲ್ಲ ಅಂದರೆ, ಅದು...

ಬಂದೆ, ಬಂದೆ. ಅಡುಗೆಮನೆಯಿಂದ ಅಜ್ಜಿ ಕರೆಯುತ್ತಿದ್ದಾಳೆ.